ಕೊಟ್ಟಿಗೆಯ ತೆಂಕಣ ಬಾಗಿಲು

ಅಥವಾ ನಾವು ಒಕ್ಕಲಾದ ಆ ದಿನ ಬಿಸಿಲೇ ಇರಲಿಲ್ಲವೋ ಏನೋ. ನೆನಪಿನಲ್ಲಂತೂ ಸುಣ್ಣದ ಗೋಡೆ ಕಣ್ಣು ಕುಕ್ಕುತ್ತದೆ. ಆದರೆ ನಮ್ಮೂರು ಹಂಗಳದ ಆ ಕೊಟ್ಟಿಗೆಗೆ ನಾವು ಸುಣ್ಣ ಹೊಡೆದದ್ದು ಮರುವರ್ಷ. ಹಾಗಾದರೆ ಅಷ್ಟು ಬೆಳಕು ಎಲ್ಲಿಂದ ಬಂತು? ನೆನಪಿಗೆ ನಾನೇ ಆಮೇಲೆ ಹಚ್ಚಿಕೊಂಡದ್ದಿರಬೇಕು.

ಐವತ್ತರ ದಶಕ, ನಮಗೆ ಆಗತಾನೆ ಮದುವೆಯಾಗಿತ್ತು. ಅತ್ತಿಗೆಯರು ತುಂಬಿದ ದೊಡ್ಡ ಮನೆಯಲ್ಲಿ ನನ್ನ ಹೆಂಡತಿಗೆ ಒಲೆಯ ಮುಂದೆ ಕೂರುವ ಸರದಿಯೇ ಬರುತ್ತಿರಲಿಲ್ಲ. ಅವಳಿಗೆ ತನ್ನದೇ ಒಂದು ಒಲೆ ಬೇಕಿತ್ತು. ದನಗಳು ಹಿತ್ತಲಾಚೆಯ ಹೊಸ ಚಪ್ಪರಕ್ಕೆ ಹೋದ ಮೇಲೆ ಖಾಲಿ ಬಿದ್ದ ಕೊಟ್ಟಿಗೆಯನ್ನು ಅವಳೇ ನನ್ನ ಅವ್ವನನ್ನು ಕೇಳಿ ಪಡೆದಳು.

ಗಂಜಲ ಕುಡಿದ ನೆಲ ಅಗೆದು ಹೊಸ ಮಣ್ಣು ತುಂಬಿ ಬಡಿದೆವು. ಮೇವು ಹಾಕುತ್ತಿದ್ದ ಗೋದಲಿಯನ್ನು ಕೆಡವಲು ಅವಳು ಬಿಡಲಿಲ್ಲ, ಹಲಗೆ ಹಾಸಿ ಮಡಕೆ ಜೋಡಿಸಿದಳು. ವಾಸದ ಮನೆಗೆ ತೆಂಕಣ ಬಾಗಿಲು ಆಗದು ಎಂದು ಅವ್ವ ಹೇಳಿದ್ದಕ್ಕೆ ಕೊಟ್ಟಿಗೆಯ ಆ ಹಳೇ ಬಾಗಿಲನ್ನು ಹಸಿ ಇಟ್ಟಿಗೆಯಿಂದ ಮುಚ್ಚಿ, ಮೂಡಲಿಗೆ ಹೊಸ ಬಾಗಿಲು, ಹೊಸ್ತಿಲು ಇಟ್ಟೆ. ಆ ವಾರ ನನಗೆ ಹಸಿವೂ ಇಲ್ಲ, ನಿದ್ದೆಯೂ ಇಲ್ಲ.

ಒಕ್ಕಲಾಗುವ ದಿನ ಮೊದಲು ಹಸು ಒಳಗೆ ಹೋಗಬೇಕು, ಆಮೇಲೆ ಒಲೆ ಹಚ್ಚಬೇಕು. ಅದೇ ಕೊಟ್ಟಿಗೆಯಲ್ಲಿ ಹುಟ್ಟಿದ ಕೆಂದ ಹಸುವಿಗೆ ಅರಿಶಿನ ಹಚ್ಚಿ ಕರೆತಂದೆವು. ಅದು ಹೊಸ ಹೊಸ್ತಿಲಿನ ಕಡೆ ತಿರುಗಿಯೂ ನೋಡದೆ, ಸುತ್ತು ಹಾಕಿ ಹೋಗಿ ಮುಚ್ಚಿದ ಬಾಗಿಲಿಗೆ ಮುಸುಡಿ ಇಟ್ಟು ನಿಂತುಬಿಟ್ಟಿತು. ಎಳೆದೆವು, ತಳ್ಳಿದೆವು, ಹಸಿ ಹುಲ್ಲು ತೋರಿಸಿದೆವು. ದೊಡ್ಡತ್ತಿಗೆ ಸೆರಗು ಬಾಯಿಗಿಟ್ಟುಕೊಂಡು, "ಅದ್ಕೆ ಅದ್ರ ಮನೆ ಗೊತ್ತು ಕಣಪ್ಪ, ನಿಂಗೇ ಗೊತ್ತಿಲ್ಲ" ಅಂದಳು.

ಅವ್ವ ಮಾತ್ರ ನಗಲಿಲ್ಲ. ಹಸು ಹೋಗದ ಮನೆಯಲ್ಲಿ ಬೆಂಕಿ ಬೇಡ, ಮುಂದಿನ ತಿಂಗಳು ನೋಡೋಣ ಎಂದು ತಿರುಗಿದಳು. ಹೆಂಡತಿ ಹಾಲಿನ ಪಾತ್ರೆ ಕೆಳಗಿಟ್ಟಳು.

"ನಾನು ವಾಪಸ್ ಓಗಕಿಲ್ಲ ಕಣತ್ತೆ. ಹಸ ಎಲ್ಲಿ ಓಯ್ತದೋ ಅಲ್ಲೇ ಬಾಗ್ಲು."

ಹಾರೆ ಬಿತ್ತು. ಮಣ್ಣಿನ್ನೂ ಒಣಗಿರಲಿಲ್ಲ, ಗೋಡೆ ದಪದಪ ಉದುರಿತು. ಹಸು ಮಣ್ಣುಹೆಂಟೆ ದಾಟಿ ನೇರ ಗೋದಲಿಗೆ ನಡೆದು ಮಡಕೆಗಳ ನಡುವೆ ಮೂತಿ ತೂರಿಸಿತು. ಅವ್ವ ತಿರುಗಿ ಬಂದು, "ಇನ್ನೇನ್ ನೋಡ್ತೀಯೆ, ಒಲೆ ಹಚ್ಚು ಕಣಮ್ಮಿ" ಅಂದಳು. ಹಾಲು ಉಕ್ಕಿತು. ನಾನು ಒಂದು ಬಾಗಿಲಿಂದ ನುಗ್ಗಿ ಇನ್ನೊಂದರಿಂದ ಹೊರಬರುತ್ತಲೇ ಇದ್ದೆ.

ಹಾರೆ ಹಿಡಿದದ್ದು ತಾನೇ ಎಂದು ಹೆಂಡತಿ ಕೊನೆಯವರೆಗೂ ಹೇಳುತ್ತಿದ್ದಳು. ನನ್ನ ಅಂಗೈಯಲ್ಲಿ ಬೊಬ್ಬೆ ಎದ್ದದ್ದು ನೆನಪಿದೆ, ಆದರೆ ಅದು ನೆಲ ಬಡಿದದ್ದಕ್ಕೂ ಇರಬಹುದು. ಆ ಗೋಡೆ ಒಡೆದದ್ದು ಯಾರೆಂದು ನನಗೆ ಗೊತ್ತಿಲ್ಲ.