ಹೊಳೆ ದಾಟಿಸುವ ಒಡ್ನಿ

ಹಿಮರಾಶಿಯ ಬುಡದಿಂದ ಹೊರಡುವ ಆ ಹೊಳೆಗೆ ನಿಂತ ಪಾತ್ರವೆಂಬುದಿಲ್ಲ. ನಿನ್ನೆ ಹರಿದ ಕವಲು ಇಂದು ಒಣ ಮರಳು. ನಿನ್ನೆ ಕುರಿಗಳು ನಡೆದು ಹೋದ ಜಾಗದಲ್ಲಿ ಇಂದು ಎದೆಮಟ್ಟದ ಬೂದು ನೀರು. ಪಡುವಣ ದಡದ ಕೊನೆಯ ಮನೆ ಒಡ್ನಿಯದು. ದಾರಿಹೋಕರು ಬಂದು ಬಾಗಿಲು ಬಡಿದರೆ ಬಿಸಿ ಕಾಫಿ ಕೊಟ್ಟು, ಆಚೆ ದಡ ಮುಟ್ಟಿಸಿ ಬರುವುದು ಆ ಮನೆಯವರ ಪಾಲಿಗೆ ಬಂದ ಕೆಲಸ. ಅವಳ ಅಪ್ಪ ಅದನ್ನು ಮಾಡಿದ. ಗಂಡನೂ ಎದೆನೋವಿನಿಂದ ಸಾಯುವವರೆಗೆ ಮಾಡಿದ. ಆಮೇಲೆ ಬೇರೆ ಯಾರೂ ಇಲ್ಲವಾಗಿ ಅವಳೇ ಗಂಡನ ಚರ್ಮದ ಷರಾಯಿ ತೊಟ್ಟು ಗ್ರಾನಿಯ ಬೆನ್ನೇರಿದಳು.

ಗ್ರಾನಿ ಹೊಳೆಗೆ ಪಳಗಿದ ಕುದುರೆ. ಅಂಥದ್ದನ್ನು ಉಳುಮೆಗೆ ಹೂಡುವುದಿಲ್ಲ, ಮಾರುವುದಿಲ್ಲ. ನೀರಿಗಿಳಿಯುವ ಮುನ್ನ ಎಲ್ಲರೂ ಕೆಳಗಿಳಿದು ಜೀನಿನ ಪಟ್ಟಿ ಬಿಗಿದುಕೊಳ್ಳಬೇಕು, ತಲೆಯ ಟೊಪ್ಪಿಗೆ ತೆಗೆದು ಮನಸ್ಸಿನಲ್ಲೇ ದೇವರನ್ನು ನೆನೆಯಬೇಕು. ನೀರಿಗಿಳಿದ ಮೇಲೆ ಲಗಾಮನ್ನು ಕುದುರೆಗೇ ಬಿಟ್ಟುಬಿಡಬೇಕು. ಕಾಲು ಹೂತುಹೋಗುವ ಹುದುಲು ಎಲ್ಲಿದೆ ಎಂಬುದು ಮನುಷ್ಯನ ಕಣ್ಣಿಗಿಂತ ಮೊದಲು ಅದರ ಕಾಲಿಗೆ ತಿಳಿಯುತ್ತದೆ. ಒಡ್ನಿ ಪಾದ್ರಿಗಳನ್ನೂ ಅಂಚೆಯವನನ್ನೂ ಒಂದು ಸಲ ಶವಪೆಟ್ಟಿಗೆಯನ್ನೂ ಹೀಗೆಯೇ ದಾಟಿಸಿದ್ದಳು. ಒಬ್ಬರನ್ನೂ ಹೊಳೆಗೆ ಕೊಟ್ಟಿರಲಿಲ್ಲ.

ಆ ಮೇ ತಿಂಗಳಲ್ಲಿ ಮಗಳು ಸಿಗ್ನಿಗೆ ಹೆರಿಗೆ ನೋವು ಬಂತು. ಅಳಿಯ ಮೀನುಗಾರಿಕೆಗೆಂದು ಪಡುವಣ ಕಡಲತೀರಕ್ಕೆ ಹೋದವನು ಇನ್ನೂ ಮರಳಿರಲಿಲ್ಲ. ಮನೆಯಲ್ಲಿದ್ದವಳು ಒಡ್ನಿಯ ಗಂಡನ ತಾಯಿ, ಕಣ್ಣು ಕಾಣದ ಅತ್ತೆ ಥೋರ್ಡಿಸ್ ಒಬ್ಬಳೇ. ಎರಡನೆಯ ದಿನ ಬೆಳಗಾದರೂ ಮಗು ಜಗ್ಗಲಿಲ್ಲ; ಸಿಗ್ನಿಯ ಕೂಗು ಕ್ಷೀಣವಾಗತೊಡಗಿತು. ಸೂಲಗಿತ್ತಿ ಹಾಲ್ಬೇರಾ ಇದ್ದದ್ದು ಹೊಳೆಯಾಚೆ. ಒಡ್ನಿ ಅತ್ತೆಯ ಕೈಯನ್ನು ಮಗಳ ಹೊಟ್ಟೆಯ ಮೇಲಿಟ್ಟು, ಬೇಗ ಬರುತ್ತೇನೆಂದು ಹೇಳಿ ಹೊರಟಳು.

ಹೋಗುವಾಗ ಹೊಳೆ ತೊಂದರೆ ಕೊಡಲಿಲ್ಲ. ಹಾಲ್ಬೇರಾ ಹಿಟ್ಟು ನಾದುತ್ತಿದ್ದವಳು ಕೈ ಒರೆಸಿಕೊಂಡು, ಪೆಟ್ಟಿಗೆ ಎತ್ತಿಕೊಂಡು, ಗಂಡ ಸ್ಟೆಯ್ನ್‌ಗೆ ರೊಟ್ಟಿ ಸುಟ್ಟುಕೊಳ್ಳಲು ಹೇಳಿ ಬಂದಳು. ದಾರಿಯುದ್ದಕ್ಕೂ ಒಡ್ನಿಯನ್ನು ನಗಿಸಲು ನೋಡಿದಳು.

"ನಿನ್ ಮಗಳೂ ನಿನ್ ಥರಾನೇ ಹಟಮಾರಿ ಕಣೇ. ಅವಳು ಹುಟ್ಟೋವಾಗ ನೀನು ನನ್ ಕೈ ಕಚ್ಚಿದ್ದೆ. ಗುರುತು ಇನ್ನೂ ಇದೆ. ಸತ್ತ ಮೇಲೆ ದೇವರಿಗೆ ತೋರಿಸಿ ನಿನ್ ಮೇಲೆ ದೂರು ಹೇಳ್ತೀನಿ."

ಒಡ್ನಿಗೆ ನಗು ಬರಲಿಲ್ಲ. ಬಿಸಿಲಿಗೆ ಹಿಮ ಕರಗಿ ನೀರು ಏರಿತ್ತು. ದಡದಲ್ಲಿ ಹಾಲ್ಬೇರಾ ಇಳಿದು ತಲೆವಸ್ತ್ರ ತೆಗೆದು ಪ್ರಾರ್ಥಿಸಿದಳು. ಒಡ್ನಿ ಇಳಿಯಲಿಲ್ಲ, ಹಾಲ್ಬೇರಾಳ ಕುದುರೆಯ ಹಗ್ಗವನ್ನು ತನ್ನ ಜೀನಿಗೆ ಕಟ್ಟಿಕೊಂಡು, ಅವಳು ಏರುವುದನ್ನೇ ಕಾದಳು.

ನಡುಹೊಳೆಯಲ್ಲಿ ಗ್ರಾನಿ ನಿಂತಿತು. ಒಮ್ಮೆ ಉಸಿರು ಬಿಟ್ಟು ಪ್ರವಾಹಕ್ಕೆ ಎದುರಾಗಿ ಮುಖ ತಿರುಗಿಸಿತು. ಅಂದರೆ ಹಿಮದ ಬುಡದವರೆಗೂ ಹೋಗಿ ಬಳಸಿ ಬರಬೇಕು, ಅರ್ಧ ದಿನದ ದಾರಿ. ಎದುರಿಗೆ, ಕೂಗಿದರೆ ಕೇಳುವಷ್ಟು ದೂರದಲ್ಲಿ, ಹುಲ್ಲುಹೊದಿಕೆಯ ತನ್ನ ಮನೆ ಒಡ್ನಿಗೆ ಕಾಣುತ್ತಿತ್ತು. ಹೊಗೆ ಏಳುತ್ತಿರಲಿಲ್ಲ. ಅತ್ತೆ ಒಲೆಗೆ ಏನೂ ಹಾಕಿಲ್ಲವೆಂದರೆ ಸಿಗ್ನಿಯ ಬಳಿಯಿಂದ ಏಳಲು ಆಗಿಲ್ಲ.

ಅವಳು ಲಗಾಮು ಎಳೆದಳು.

"ಒಡ್ನಿ, ಅದು ಬೇಡ ಅಂತಿದೆಯಲ್ಲೇ. ಬಿಡೇ," ಎಂದಳು ಹಿಂದಿನಿಂದ ಹಾಲ್ಬೇರಾ.

"ಹೊತ್ತಿಲ್ಲ," ಎಂದು ಒಡ್ನಿ ಹಿಮ್ಮಡಿಯಿಂದ ತಿವಿದಳು.

ಗ್ರಾನಿ ಅವಳ ಮಾತನ್ನು ಕೇಳಿತು. ಕೆಲವೇ ಹೆಜ್ಜೆ ಹೋಗುವುದರಲ್ಲಿ ಮುಂಗಾಲುಗಳು ಹುದುಲಿನಲ್ಲಿ ಇಳಿದವು. ಹಗ್ಗದ ಎಳೆತಕ್ಕೆ ಹಿಂದಿನ ಕುದುರೆ ಪಕ್ಕಕ್ಕೆ ಉರುಳಿತು. ಹಾಲ್ಬೇರಾಳ ಉಣ್ಣೆಯ ಲಂಗ ಒಮ್ಮೆ ನೀರಿನ ಮೇಲೆ ಹರಡಿಕೊಂಡು, ನೆನೆದು, ಅವಳನ್ನು ಒಳಕ್ಕೆ ಎಳೆದುಕೊಂಡಿತು. ಹಗ್ಗ ಹರಿಯಿತು. ಗ್ರಾನಿ ಮೈಯೆಲ್ಲ ಕೊಡವಿ ಕಿತ್ತುಕೊಂಡು, ಕತ್ತಿನ ಕೇಸರಕ್ಕೆ ಜೋತುಬಿದ್ದಿದ್ದ ಒಡ್ನಿಯನ್ನು ಮನೆಯ ಕಡೆಯ ದಡಕ್ಕೆ ತಂದು ಹಾಕಿತು.

ಅವಳು ದಡದುದ್ದಕ್ಕೂ ಹೆಸರು ಕೂಗುತ್ತ ಓಡಿದಳು. ಕಂಡದ್ದು ತೇಲಿಹೋಗುತ್ತಿದ್ದ ಪೆಟ್ಟಿಗೆ ಮಾತ್ರ. ಇನ್ನೂ ಹುಡುಕಲೇ, ಮನೆಗೆ ಹೋಗಲೇ ಎಂದು ಮರಳಿನ ಮೇಲೆ ನಿಂತಳು. ಆಮೇಲೆ ಮನೆಯ ಕಡೆ ತಿರುಗಿದಳು.

ಮನೆಯೊಳಗಿನ ಓಣಿಯಂಥ ಕತ್ತಲ ದಾರಿಯಲ್ಲಿ ಕಾಲಿಡುತ್ತಿದ್ದಂತೆ ಮಗುವಿನ ಅಳು ಕೇಳಿಸಿತು. ಅವಳು ಹೊರಟ ಸ್ವಲ್ಪ ಹೊತ್ತಿಗೇ ಹೆಣ್ಣುಮಗು ತಾನಾಗಿ ಹುಟ್ಟಿತ್ತು. ಕುರುಡು ಮುದುಕಿ ತಡವಿ ತಡವಿ ಹೊಕ್ಕುಳಬಳ್ಳಿ ಕಟ್ಟಿದ್ದಳು. ಬಾಣಂತಿ ನಿದ್ದೆ ಹೋಗಿದ್ದಳು.

"ಒಬ್ಬಳ ಹೆಜ್ಜೆ ಮಾತ್ರ ಕೇಳ್ತಿದೆ," ಎಂದಳು ಥೋರ್ಡಿಸ್. "ಹಾಲ್ಬೇರಾ ಎಲ್ಲಿ?"

ಒಡ್ನಿ ಒದ್ದೆ ಬಟ್ಟೆಯಲ್ಲೇ ನೆಲದ ಮೇಲೆ ಕೂತಳು. ಮುದುಕಿ ಮೆಲ್ಲಗೆ ಸಾವಿನ ಪ್ರಾರ್ಥನೆ ಹೇಳತೊಡಗಿದಳು.

ಮೂರನೆಯ ದಿನ ಹೊಳೆ ಕಡಲು ಸೇರುವ ಕಡೆ, ಮರಳಿನಲ್ಲಿ ದೇಹ ಸಿಕ್ಕಿತು. ಸ್ಟೆಯ್ನ್ ಮೇಲಿನ ದಾರಿ ಬಳಸಿ ಬಂದ. ಒಡ್ನಿ ಅಂಗಳದಲ್ಲೇ ಅವನನ್ನು ತಡೆದು, ಕುದುರೆ ಬೇಡವೆಂದಿತು, ಲಗಾಮು ಎಳೆದದ್ದು ನಾನೇ ಎಂದಳು. ಅವನು ಹೊಳೆಯಲ್ಲಿ ಗ್ರಾನಿಯ ಕಾಲಿಗಾಗಿದ್ದ ಗಾಯವನ್ನು ಬಾಗಿ ನೋಡಿದ. ಬಯ್ಯಲಿಲ್ಲ. ಬಯ್ದಿದ್ದರೆ ಅವಳಿಗೆ ಹಗುರವಾಗುತ್ತಿತ್ತೇನೋ.

ಆ ವಾರವೇ ಸಿಗ್ನಿಗೆ ಕನಸು ಬಿತ್ತು. ಹಾಲ್ಬೇರಾ ಒದ್ದೆ ಲಂಗದಲ್ಲಿ ಮಂಚದ ಕಾಲ ಬಳಿ ಕೂತು, ಮಗುವನ್ನು ನೋಡಿ, ನನಗೊಂದು ಜಾಗ ಕೊಡು ಅಂದಳಂತೆ. ಸತ್ತವರು ಹೀಗೆ ಬಂದರೆ ತಮ್ಮ ಹೆಸರು ಇಡಿ ಎಂದು ಅರ್ಥ; ಇಲ್ಲವೆಂದರೆ ಮಗುವಿಗೆ ಒಳ್ಳೆಯದಲ್ಲ.

"ಬೇರೆ ಹೆಸರು ಇಡೋಣ ಸಿಗ್ನಿ," ಎಂದು ಒಡ್ನಿ ಬೇಡಿಕೊಂಡಳು. "ದಿನಾ ನನ್ ಬಾಯಲ್ಲಿ ಅದನ್ನ ಕರೆಸಬೇಡ."

"ಕೇಳಿದ್ದು ನಾನಲ್ಲವ್ವ, ಅವಳು. ಅವಳಿಗೆ ಇಲ್ಲ ಅನ್ನೋ ಧೈರ್ಯ ನಿಂಗಿದ್ರೆ ನೀನೇ ಅನ್ನು."

ಮಗುವನ್ನು ದೀಕ್ಷಾಸ್ನಾನಕ್ಕೆ ಎತ್ತಿಕೊಳ್ಳುವವಳು ಸೂಲಗಿತ್ತಿ. ಅವಳಿಲ್ಲದ ಕಾರಣ ಒಡ್ನಿಯೇ ಎತ್ತಿಕೊಂಡು ನಿಲ್ಲಬೇಕಾಯಿತು. ಚಿಕ್ಕ ಚರ್ಚಿನಲ್ಲಿ ಹೆಂಡತಿಯ ಸಮಾಧಿ ನೋಡಲೆಂದು ಬಂದಿದ್ದ ಸ್ಟೆಯ್ನ್ ಬಾಗಿಲ ಪಕ್ಕ ನಿಂತಿದ್ದ. ಪಾದ್ರಿ ಮಗುವಿನ ಹೆಸರೇನೆಂದು ಕೇಳಿದರು. ಒಡ್ನಿ ಹೇಳಿದಳು. ಅವರಿಗೆ ಕೇಳಿಸಲಿಲ್ಲ, ಬಾಗಿ ಇನ್ನೊಮ್ಮೆ ಕೇಳಿದರು.

"ಹಾಲ್ಬೇರಾ," ಎಂದಳು ಅವಳು, ಬಾಗಿಲವರೆಗೂ ಕೇಳುವ ಹಾಗೆ.

ಸ್ಟೆಯ್ನ್ ಟೊಪ್ಪಿಗೆ ಹಾಕಿಕೊಂಡು ಹೊರಗೆ ಹೋಗಿ, ಕುದುರೆಗಳ ನಡುವೆ, ಯಾರಿಗೂ ಮುಖ ಕಾಣದ ಹಾಗೆ ನಿಂತ.