ಊರಿನ ಕೆ, ಮಗನ ಕೆ

ಗೆಳೆಯರೇ, ಇವತ್ತು ನಮ್ಮ ಕಾರ್ತಿಕನಿಗೆ ಹದಿನೆಂಟು ತುಂಬಿತು. ಬೆಳಿಗ್ಗೆ ಆರತಿ ಎತ್ತಿದೆ. ಮಧ್ಯಾಹ್ನ ನಾವಿರುವ ಈ ಪರದೇಶದ ಕೌನ್ಸಿಲ್ ಕಚೇರಿಯಲ್ಲಿ ಅವನು ತೀರಿಹೋಗಿದ್ದಾನೆಂದು ಹೇಳಿದರು.

ಮತದಾರರ ಪಟ್ಟಿಗೆ ಹೆಸರು ಸೇರಿಸಲು ಇವತ್ತೇ ಕೊನೆಯ ದಿನ. ಮೊದಲ ವೋಟಿನ ಹುರುಪಿನಲ್ಲಿ ಅವನು ನನ್ನನ್ನೂ ಎಳೆದುಕೊಂಡು ಹೋಗಿದ್ದ. ಕೌಂಟರಿನ ಹೆಂಗಸು ಕಂಪ್ಯೂಟರ್ ನೋಡಿ, "ಈ ವಿಳಾಸದ ಕೆ. ರಂಗನಾಥ್ ಸತ್ತಿದ್ದಾರೆ. ಸಾರಿ, ಡಿಯರ್" ಎಂದಳು.

ಅದು ನನ್ನ ಯಜಮಾನರು. ಹೋದ ವರ್ಷ ಅವರು ತೀರಿಹೋದರೆಂದು ನಾನೇ ಪತ್ರ ಬರೆದು ಅವರ ಹೆಸರು ತೆಗೆಸಿದ್ದೆ. ಅವರ ಹೆಸರಿಗೆ ಮೊದಲು ಊರು, ಮಗನ ಹೆಸರಿನ ಕೊನೆಗೆ ಅಪ್ಪನ ಹೆಸರು. ಚಿಕ್ಕದಾಗಿ ಬರೆದರೆ ಇಬ್ಬರೂ ಕೆ. ರಂಗನಾಥ್ ಆಗುತ್ತಾರೆಂದು ನಮಗೆ ಹೊಳೆದೇ ಇರಲಿಲ್ಲ.

"ಇವನ ಕೆ ಕಾರ್ತಿಕ್. ಅವರ ಕೆ ಕೊಳ್ಳೇಗಾಲ" ಎಂದೆ.

"ಕೊಳ್ಳೇಗಾಲ ಯಾರು?"

"ಊರು."

"ನಿಮ್ಮ ಗಂಡನ ಮೊದಲ ಹೆಸರು ಒಂದು ಊರಾ?"

"ಮಿಸ್, ಐ ಆಮ್ ರೈಟ್ ಹಿಯರ್" ಎಂದು ಕಾರ್ತಿಕ ಕೈ ಎತ್ತಿದ.

"ನನಗೆ ಕಾಣ್ತಿದೀಯಪ್ಪ, ಕಂಪ್ಯೂಟರಿಗೆ ಕಾಣ್ತಿಲ್ಲ" ಎಂದು ಅವಳು ನನ್ನ ಕಡೆ ತಿರುಗಿದಳು. "ಅದೇ ವಿಳಾಸಕ್ಕೆ ಅದೇ ಹೆಸರನ್ನ ಹೊಸದಾಗಿ ತಗೊಳ್ತಿಲ್ಲ. ಹಳೇ ಹೆಸರನ್ನೇ ಬದುಕಿಸಿದರೆ ಇವನು ವೋಟ್ ಹಾಕಬಹುದು. ನಿಮ್ಮದೇನಾದರೂ ಅಭ್ಯಂತರ ಇದೆಯಾ?"

ಇಲ್ಲ ಎಂದೆ. ಅವಳು ಒಂದು ಗುಂಡಿ ಒತ್ತಿದಳು, ಅಷ್ಟೇ.

ಬಸ್ಸಿನಲ್ಲಿ ಕಾರ್ತಿಕ, "ಅಮ್ಮಾ, ಆಮೇಲೆ ಅದನ್ನ ಕರೆಕ್ಟ್ ಮಾಡಿಸ್ಬೇಕಲ್ವಾ?" ಎಂದ.

"ಎಲೆಕ್ಷನ್ ಮುಗೀಲಿ, ನೋಡೋಣ" ಎಂದೆ.

ಆ ಪತ್ರವನ್ನು ಇನ್ನೊಮ್ಮೆ ಬರೆಯುವ ಅವಸರ ನನಗೇನೂ ಇಲ್ಲ.