ತಿಳಿ ಹಳದಿ

ನನ್ನ ನಾಲ್ಕು ವರ್ಷದ ಸಂಶೋಧನೆ ಒಂದೇ ಮಧ್ಯಾಹ್ನ ಮಣ್ಣುಪಾಲಾಯಿತು. ಹಾಳು ಮಾಡಿದವನು ಅಪ್ಪ ಎಂದು ಬಹಳ ದಿನ ಹೇಳಿಕೊಂಡು ತಿರುಗಿದೆ.

ಕಾರವಾರದ ಕಾಲೇಜೊಂದರ ಪ್ರಯೋಗಾಲಯದಲ್ಲಿ ನಾನು ಗಾಜಿನೊಳಗೆ ಹರಳು ಬೆಳೆಸುತ್ತಿದ್ದೆ. ಶುದ್ಧ ಮರಳಿನ ಪುಡಿಗೆ ಕ್ಯಾಡ್ಮಿಯಂ, ಸೆಲೆನಿಯಂ ಸೇರಿಸಿ ಕರಗಿಸಿ ಹಿತ್ತಾಳೆ ತಟ್ಟೆಗೆ ಸುರಿದರೆ ಬಣ್ಣವಿಲ್ಲದ ಗಾಜಾಗುತ್ತದೆ. ಅದನ್ನೇ ಮತ್ತೆ ಹದವಾಗಿ ಕಾಯಿಸಿದರೆ ಒಳಗೆ ಕಣ್ಣಿಗೆ ಕಾಣದ ಅರೆವಾಹಕ ಹರಳುಗಳು ಹುಟ್ಟುತ್ತವೆ. ಅವು ದೊಡ್ಡದಾದಂತೆ ಗಾಜು ಹಳದಿಯಾಗಿ, ಕಿತ್ತಳೆಯಾಗಿ, ಕೆಂಪಾಗುತ್ತ ಹೋಗುತ್ತದೆ. ನನಗೆ ಬೇಕಿದ್ದುದು ತಿಳಿ ಹಳದಿ, ಅಂದರೆ ಅತಿ ಸಣ್ಣ ಹರಳು. ಸೆಲೆನಿಯಂ ಮುಗಿದಿತ್ತು, ಪ್ರಬಂಧದ ಗಡುವು ಆ ತಿಂಗಳಿಗೇ ತೀರುತ್ತಿತ್ತು. ವಿದ್ಯುತ್ ಕುಲುಮೆಯಲ್ಲಿದ್ದ ಮೂರು ತುಂಡುಗಳೇ ಕೊನೆಯವು.

ಹಾಳಾದ್ದು, ಅದೇ ದಿನ ನನ್ನನ್ನು ಪರೀಕ್ಷೆಯ ಮೇಲ್ವಿಚಾರಣೆಗೆ ಹಾಕಿದರು. ಅಪ್ಪ ಅಂಕೋಲೆ ಬಳಿಯ ನಮ್ಮೂರು ಬೊಬ್ರುವಾಡದಿಂದ ಬುತ್ತಿ ತಂದಿದ್ದ. ಅವನು ಹರೆಯದಿಂದಲೂ ಅಂಕೋಲೆಯಲ್ಲಿ ಚಿಪ್ಪಿ ಸುಟ್ಟು ಸುಣ್ಣ ಮಾಡಿದವನು. ಗಂಟೆ ಮೂರಾದ ಕೂಡಲೇ ಸ್ವಿಚ್ ಆರಿಸಿ, ಇಕ್ಕಳದಿಂದ ತುಂಡುಗಳನ್ನು ಹೊರಗಿಡು ಎಂದೆ. ಒಳಗೆ ಏನಾಗುತ್ತದೆ ಎಂದು ಕೇಳಿದ. ಅದೆಲ್ಲ ನಿನಗೆ ತಿಳಿಯುವುದಲ್ಲ, ಹೇಳಿದಷ್ಟು ಮಾಡು ಎಂದು ಓಡಿದೆ.

ಐದಕ್ಕೆ ಬಂದರೆ ಕುಲುಮೆ ಇನ್ನೂ ಕಾಯುತ್ತಲೇ ಇತ್ತು. ಅಪ್ಪ ಬೆವರು ಒರೆಸಿಕೊಳ್ಳುತ್ತ ನಗುತ್ತಿದ್ದ. ಮೂರು ಗಂಟೆಗೆ ಒಂದು ತುಂಡು ತೆಗೆದು ನೋಡಿದನಂತೆ. ಒಣಹುಲ್ಲಿನ ಬಣ್ಣಕ್ಕೆ ತಿರುಗಿತ್ತು, ಅಷ್ಟೆ. ಅರೆಬೆಂದ ಚಿಪ್ಪಿ ನೀರು ಹಾಕಿದರೂ ಅರಳಿ ಸುಣ್ಣವಾಗುವುದಿಲ್ಲ, ಭಟ್ಟಿಯವನ ಮಾನ ಹೋಗುತ್ತದೆ. ಹಾಗಾಗಿ ತಿರುಗಿ ಒಳಗಿಟ್ಟು, ಮಗಳ ಕೆಲಸ ಹಸಿ ಉಳಿಯಬಾರದೆಂದು ಇನ್ನೆರಡು ತಾಸು ಬೇಯಿಸಿದ್ದ. ಹೊರಗೆಳೆದ ಮೂರೂ ತುಂಡುಗಳು ಕಪ್ಪಿಗೆ ತಿರುಗಿದ ಕೆಂಪಾಗಿದ್ದವು.

ಆ ಒಣಹುಲ್ಲಿನ ಬಣ್ಣವೇ ನನಗೆ ಬೇಕಿದ್ದುದು. ಸಿಟ್ಟಿಗೆ ಬಾಯಿ ಹತೋಟಿ ತಪ್ಪಿತು. ಸುಣ್ಣ ಸುಡುವವನ ಕೈಯಲ್ಲಿ ಇದನ್ನು ಕೊಟ್ಟದ್ದು ನನ್ನ ಕರ್ಮ ಎಂದು ಅವನ ಮುಖಕ್ಕೇ ಅಂದುಬಿಟ್ಟೆ. ಇವತ್ತಿಗೂ ಆ ಮಾತು ನೆನೆದರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಅಪ್ಪ ಒಂದು ತುಂಡನ್ನು ಇಕ್ಕಳದಲ್ಲಿ ಎತ್ತಿ ಬೆಳಕಿಗೆ ಹಿಡಿದ.

"ಯಾವ ಬಣ್ಣಕ್ಕೆ ತೆಗೀಬೇಕು ಅಂತ ಒಂದ್ ಮಾತು ಹೇಳಿದ್ರೆ ಸಾಕಾಗಿತ್ತಲ್ಲೇ, ಮಗಾ," ಅಂದ. "ಜನ್ಮ ಇಡೀ ಬೆಂಕಿ ಮುಂದೆ ನಾ ಅದನ್ನೇ ಅಲ್ಲಾ ನೋಡಿದ್ದು?"

ನಾನು ಅವನಿಗೆ ಗಂಟೆ ಹೇಳಿದ್ದೆ, ಬಣ್ಣ ಹೇಳಿರಲಿಲ್ಲ. ಇಡೀ ಕಾಲೇಜಿನಲ್ಲಿ ಆ ಹಳದಿಯನ್ನು ಕಣ್ಣಳತೆಯಲ್ಲೇ ಹಿಡಿಯಬಲ್ಲವನು ಅವನೊಬ್ಬನೇ ಇದ್ದ. ಅಪ್ಪ ಖಾಲಿ ಬುತ್ತಿ ಡಬ್ಬಿ ಎತ್ತಿಕೊಂಡು ಅಂಕೋಲೆ ಬಸ್ಸಿಗೆ ಹೋದ. ಅದಾದ ಮೇಲೆ ಅವನಿದ್ದಷ್ಟು ದಿನ, ನನ್ನ ಕೆಲಸದ ಬಗ್ಗೆ ಏನನ್ನೂ ಕೇಳಲಿಲ್ಲ.